ತಿಕ್ಕಬ್ಯಾಡ, ತಟ್ಟು

ಸ್ವಾರಗೇಟ ದಾಟಿದ ಮ್ಯಾಲ ಮುಂಜಾನಿ ಬಿಸಲು
ಎಡಗಡೆ ಕಿಡಕಿಯಿಂದ ಹತ್ತತದ.
ಟಿಕೇಟು ತಗೊಳೂದಿಲ್ಲ, ಪಾಸೂ ತೋರಸೂದಿಲ್ಲ,
ಸೀದಾ ಬಂದು ನನ್ನ ಕೆನ್ನಿ ಮ್ಯಾಲ ಕೂಡತದ.

ಬ್ಯಾಡ್ಜಿನ ಮ್ಯಾಲ ಎನ್. ಎಸ್. ಬಿರಾದಾರ.
ಮನ್ಯಾಗ ನಿಂಬೆವ್ವ.
ಬಸ್ಸಿನಾಗ ಎಲ್ಲಾರಿಗೂ ನಾ ‘ತಾಯಿ’.
ಪುಣೆದಾಗ ತಾಯಿ ಅಂದ್ರ ಅಕ್ಕ ಅಂತ ತಿಳಿಯಾಕ
ಇಂಡಿಯಿಂದ ಬಂದ ಹೊಸದಾಗಿ ಆರು ತಿಂಗಳು ಹಿಡೀತು.
ಹಡೀಲಾರದನ ಊರ ತುಂಬ ಮಕ್ಕಳಾದ್ರಲಾ ಅಂತ
ಒಬ್ಬಾಕಿನ ನಗತಿದ್ದೆ.

ಈಗ ನಕ್ಕರ ಉರೀತದ.

ತಪ್ಪು ನಂದ. ಬಿಬವೇವಾಡಿ ಓಣ್ಯಾಗ ಒಬ್ಬಾಕಿ
ಹೆಸರಿಲ್ಲದ ಟ್ಯೂಬು ಕೊಟ್ಟಿದ್ಲು:
ಹದಿನೈದು ದಿನ ಹಚ್ಚು, ಗಂಡಗ ನಿನ್ನ ಗುರುತ ಸಿಗಬಾರದು.
ಸಿಗಲಿಲ್ಲ, ಖರೆ.
ಹಚ್ಚೂದು ಬಿಟ್ಟ ವಾರದಾಗ ಮಾರಿ ಅಂಬೂದು
ಹಂಚಿನ ಮ್ಯಾಲ ಮರತ ರೊಟ್ಟಿ.
ಕಡ್ಲಿಹಿಟ್ಟು ಹಚ್ಚಿದೆ, ಅರಿಷಿಣ ಹಚ್ಚಿದೆ,
ಹೆಸರ ನಿಂಬೆವ್ವ ಅಲ್ಲೇನ ಅಂತ
ಕಡೀಕ ನಿಂಬಿಹಣ್ಣೂ ತಿಕ್ಕಿದೆ.
ಭಾಂಡೆ ಬೆಳಗಿ ಕಲತ ಕೈ,
ಕಲೆ ಕಂಡರ ಅದಕ್ಕ ಒಂದ ಗೊತ್ತು.

ಸಸೂನ ದವಾಖಾನಿ. ಚೀಟಿ ನಂಬರ ತೊಂಬತ್ತೇಳು.
ಮುಲಾಣಿ ಅಂತ ಸಣ್ಣ ವಯಸ್ಸಿನ ಡಾಕ್ಟರಬಾಯಿ
ಮರಾಠಿಯೊಳಗ ಹೇಳಿದ್ಲು,
ನಾ ಕನ್ನಡದಾಗ ಕೇಳಿಸಿಕೊಂಡೆ:
ಹೊಗಿಯೊಳಗ, ಬಿಸಲೊಳಗ
ಜೋಡಿ ಕಳಕೊಂಡ ಕಣ ಇರತಾವಂತ.
ಒಂಟಿ ಇರಾಕ ಬರೂದಿಲ್ಲ ಅವಕ್ಕ,
ಸಿಕ್ಕವರದು ಕಸಗೋತಾವ,
ಕಳಕೊಂಡದ್ದು ಮಗ್ಗಲಿನವರದು ಕಸಗೋತದ…

ತಿಳೀತು ಬಿಡವ್ವ. ಸಂಜಿ ಆರರ ಬಸ್ಸು.
ಒಬ್ಬ ದೂಡತಾನ, ಅವ ಇನ್ನೊಬ್ಬನ್ನ,
ಹಿಂದಿನ ಬಾಗಲದಾಗ ಅಂಗಿ ಹರಿಯೂ ಜಗಳ.
ಮೊದಲ ದೂಡಿದಾವ ಯಾವಾಗೋ
ಇಳದ ಹೋಗಿರತಾನ.

ಮತ್ತ ಈ ಸೀರಮ್ ಏನ ಮಾಡತದ?
ಎದ್ದ ನಿಂತು
ತನ್ನ ಸೀಟ ಬಿಟ್ಟ ಕೊಡತದ.
ಅಷ್ಟ.
ಯಾರರ ಒಬ್ಬರು ‘ಬರ್ರಿ, ಕೂಡ್ರಿ’ ಅಂದ್ರ
ಇಡೀ ಬಸ್ಸು ತಣ್ಣಗಾದದ್ದು ನಾ ನೋಡೀನಿ.

ಆರನೂರಾ ನಲವತ್ತು ರೂಪಾಯಿ.
ಹತ್ತರ ಟಿಕೇಟು ಅರವತ್ನಾಕು,
ಔಷಧ ಅಂಗಡಿ ಮುಂದ ನಿಂತಲ್ಲೇ
ಮನಸಿನ್ಯಾಗ ಹರದ ಹರದ ಎಣಿಸಿದೆ.
ಹೆಬ್ಬಟ್ಟಿನಷ್ಟು ಬಾಟ್ಲಿ. ರಬ್ಬರಿನ ಟೊಪ್ಪಿಗಿ.
ಮೊದಲ ಮೂರು ರಾತ್ರಿ ಕಿವಿ ಹಿಂದ ಅಷ್ಟ ಹಚ್ಚಿ ನೋಡು ಅಂದಿದ್ಲು,
ಅವ್ವ ನನಗ ದೃಷ್ಟಿಬಟ್ಟು ಇಡತಿದ್ದ ಜಾಗಾ.
ಗಾಳಿ ತಾಕಿದ್ರ ಕೆಡತದ ಅದು,
ಹೆಚ್ಚಿಟ್ಟ ಬದನಿಕಾಯಿ ಹಾಂಗ ಕಂದಾಗತದ.
ಫ್ರಿಜ್ಜಿನ ಬಾಗಲದಾಗ, ಶೇಂಗಾಚಟ್ನಿ ಮಗ್ಗಲ ಇಟ್ಟೀನಿ,
ದಿನಾ ಬೆಳಕಿಗೆ ಹಿಡದ ನೋಡತೀನಿ
ಇನ್ನೂ ಕೊಡಾಕ ಏನರ ಉಳದದೇನ ಅಂತ.

ಮೂರು ಹನಿ.
ತಿಕ್ಕಬ್ಯಾಡ, ತಟ್ಟು ಅಂದಾಳ.
ರೊಟ್ಟಿ ತಟ್ಟಿದಾಂಗೇನ್ರಿ? ಅಲ್ಲ,
ಕೂಸಿನ್ನ ಮಲಗಿಸಿದಾಂಗ.
ನನಗ ಕೂಸಿಲ್ಲ.
ಆದ್ರೂ ಕೈಗೆ ಗೊತ್ತಿತ್ತು.

ಕನ್ನಡಿ ಮುಂದ ಏನ ನಡಸೀದಿ ಅಂದ ನಮ್ಮ ಮನಿಯಾಂವ.
ಮಲಗಿಸಾಕತ್ತೀನಿ ಅಂದೆ.
ಯಾರನ್ನ ಅಂತ ಕೇಳಲಿಲ್ಲ,
ಟೀವಿ ಸಪ್ಪಳ ಸಣ್ಣ ಮಾಡಿದ.

ಇದು ನಾಕನೇ ವಾರ.
ಕೆಂಪು ಪೂರಾ ಹೋಗಿಲ್ಲ. ಮೂಗಿನ ಎರಡೂ ಕಡೆ
ಇನ್ನೂ ಸಿಟ್ಟ ಮಾಡಕೊಂಡ ಕುಂತದ.
ಕಾತ್ರಜಿನಿಂದ ತಿರಗಿ ಬರುವಾಗ ನನ್ನ ಕಡೆ ನೆರಳು.
ಪದ್ಮಾವತಿ ಸ್ಟಾಪಿನಾಗ ಒಂದು ಹುಡುಗಿ,
ಇಲ್ಲಿ ಹುಡುಗ್ಯಾರು ಸುತ್ತಿಕೊಳ್ಳೂ ಹಾಂಗ ಮಾರಿ ತುಂಬ ಓಢಣಿ,
ಗಾಳಿಗೆ ಸರದಾಗ ಒಂದ ತುಣುಕ ಗಲ್ಲ ಕಂಡಿತು.
ಗೊತ್ತಾತು. ಅದ ಬಣ್ಣ.
ಬಿಸಲಿನ ಕಡೆ ಒಂದ ಸೀಟ ಖಾಲಿ ಇತ್ತು,
ನೋಡಿದ್ಲು, ನಿಂತ್ಲು.

ಕಂಡಕ್ಟರ ಸೀಟ ಯಾರಿಗೂ ಕೊಡೂ ಹಾಂಗಿಲ್ಲ.
ಎದ್ದೆ.

ಕುಂತಳು. ಫೋನ ತಗದಳು.
ಇಳಿಯೂ ಗದ್ದಲದಾಗ ಮರತ ಹೋದ್ಲು.
ಆಕಿ ಐದು ರೂಪಾಯಿ ಚಿಲ್ಲರ
ಇನ್ನೂ ನನ್ನ ಚೀಲದಾಗ ಅದ.